ಸೀಗಡಿ ಮರಿ ಭಾನುವಾರ ಬರುತ್ತೆ, ಹೊಂಡ ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಸಿಹಿನೀರು ಸೀಗಡಿ ಮರಿಗಳ ಗಾಡಿ ಭಾನುವಾರ ಬೆಳಗ್ಗೆ 6ಕ್ಕೆ ಡೇರಿ ಹತ್ತಿರ ಬರುತ್ತೆ. ಮರಿ ಬರೆಸಿದವರೆಲ್ಲ ಬನ್ನಿ. 10 ಗುಂಟೆಗೆ 2,500 ಸಾಕು, ಆಸೆಪಟ್ಟು ಹೆಚ್ಚು ಬಿಡಬೇಡಿ.

ಶನಿವಾರ ಮಧ್ಯಾಹ್ನ 3ಕ್ಕೆ ಹೊಂಡದ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ನೋಡಿ. ಪಾಚಿ ಹೆಚ್ಚಿರೋ ನೀರಲ್ಲಿ ಅದು ಏರೋದೇ ಆ ಹೊತ್ತಿಗೆ, ಬೆಳಗ್ಗೆ ನೋಡಿದರೆ ಗೊತ್ತಾಗಲ್ಲ. 9 ದಾಟಿದ್ದರೆ ಮರಿ ಉಳಿಯೋದು ಕಷ್ಟ, ತಕ್ಷಣ ಹೇಳಿ.

ಚೀಲವನ್ನು ಅರ್ಧ ಗಂಟೆ ಹೊಂಡದಲ್ಲೇ ತೇಲಿಬಿಡಿ. ಆಮೇಲೆ ಬಾಯಿ ಬಿಚ್ಚಿ, ಹೊಂಡದ ನೀರು ಲೋಟ ಲೋಟವಾಗಿ ಸೇರಿಸಿ, ಚೀಲ ಓರೆ ಮಾಡಿ. ಮರಿ ತಾವೇ ಈಜಿ ಹೋಗಲಿ, ಸುರಿಯಬೇಡಿ.

ಒಡೆದ ಹೆಂಚು, ಪೈಪ್ ತುಂಡು, ಒಣ ತೆಂಗಿನ ಗರಿ ಮೊದಲೇ ಹಾಕಿರಿ. ಪೊರೆ ಬಿಟ್ಟ ಸೀಗಡಿ ಬೆಣ್ಣೆಯಂತೆ ಮೆತ್ತಗಿರುತ್ತೆ. ಮರೆ ಇಲ್ಲದಿದ್ದರೆ ಉಳಿದವು ತಿಂದುಹಾಕುತ್ತವೆ.

ಎಷ್ಟು ಮರಿ, ಪಿಎಚ್ ಎಷ್ಟು ಅಂತ ಶನಿವಾರ ಸಂಜೆ 5ರೊಳಗೆ ಇಲ್ಲೇ ಬರೆಯಿರಿ.