ಎಂಟು ವರ್ಷವಾದರೂ ತಡವಲ್ಲ

ಮಾನ್ಯ ಸಂಪಾದಕರೇ,

ಹುಟ್ಟಿನಿಂದಲೇ ಕಣ್ಣಲ್ಲಿ ಪೊರೆ ಇರುವ ಮಗು ಸ್ವಲ್ಪ ದೊಡ್ಡದಾದರೆ ಸಾಕು, ‘ಇನ್ನು ಆಪರೇಷನ್ ಮಾಡಿಸಿ ಏನು ಪ್ರಯೋಜನ? ಮಿದುಳು ಕಲಿಯಲ್ಲ’ ಎನ್ನುವವರಿದ್ದಾರೆ. ಕೇಳಿದರೆ ಸಂಕಟವಾಗುತ್ತದೆ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿಜ್ಞಾನಿ ಪವನ್ ಸಿನ್ಹಾ ಅವರ, ಕಣ್ಣು ಕಾಣದ ಮಕ್ಕಳಿಗೆ ಚಿಕಿತ್ಸೆ ಕೊಡಿಸುವ ‘ಪ್ರಾಜೆಕ್ಟ್ ಪ್ರಕಾಶ್’ ತಂಡ 2011ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಹುಟ್ಟಿನಿಂದ ಕಣ್ಣು ಕಾಣದಿದ್ದ, 8ರಿಂದ 17 ವರ್ಷದ ಐದು ಮಕ್ಕಳು, ಎಲ್ಲರೂ ನಮ್ಮ ದೇಶದವರೇ. ಆಪರೇಷನ್ ಆದ ಎರಡು ದಿನದೊಳಗೆ ಆಟಿಕೆ ಬ್ಲಾಕ್ ಒಂದನ್ನು ಕೈಗೆ ಕೊಟ್ಟರು. ಮಕ್ಕಳು ಸವರಿ ನೋಡಿದರು. ಆಮೇಲೆ ಎರಡು ಬ್ಲಾಕ್ ತೋರಿಸಿ ‘ಯಾವುದು?’ ಎಂದರೆ ಬರೀ ಊಹೆ! ಆದರೆ ಕೆಲವರನ್ನು ಮತ್ತೆ ಪರೀಕ್ಷಿಸಿದಾಗ, ಕೆಲವೇ ದಿನಗಳಲ್ಲಿ ಸರಿಯಾಗಿ ಗುರುತಿಸತೊಡಗಿದ್ದರು. ಯಾರೂ ಹೇಳಿಕೊಟ್ಟಿರಲಿಲ್ಲ.

ಬೇಗ ಆಪರೇಷನ್ ಆದಷ್ಟೂ ಒಳ್ಳೆಯದು, ನಿಜ. ಹಾಗಂತ ದೊಡ್ಡ ಮಕ್ಕಳನ್ನು ಸುಮ್ನೆ ಕೈಬಿಡಬೇಡಿ. ಒಮ್ಮೆ ಕಣ್ಣಿನ ತಜ್ಞರಿಗೆ ತೋರಿಸಿ.

– ಒಬ್ಬ ಶಿಕ್ಷಕಿ, ಹಾಸನ