‘ಶಾರ್ಟ್ ಸರ್ಕ್ಯೂಟ್’ ಎಂದು ಬರೆದರೆ ಸಾಲದು

ಮಾನ್ಯ ಸಂಪಾದಕರೇ,

ಕಟ್ಟಡವೊಂದಕ್ಕೆ ಬೆಂಕಿ ಬಿದ್ದ ಸುದ್ದಿ ಅಚ್ಚಾದಾಗಲೆಲ್ಲ ಕೊನೆಯಲ್ಲಿ ‘ಶಾರ್ಟ್ ಸರ್ಕ್ಯೂಟ್ ಕಾರಣವೆಂದು ಶಂಕಿಸಲಾಗಿದೆ’ ಎಂಬ ಸಾಲು ಕಾಣುತ್ತದೆ. ಮೂರು ದಶಕಕ್ಕೂ ಹೆಚ್ಚು ಕಾಲ ವೈರಿಂಗ್ ಕೆಲಸ ಮಾಡಿ, ಈಗ ಬೇರೆಯವರು ಮಾಡಿದ ಕೆಲಸವನ್ನು ಪರಿಶೀಲಿಸುವ ಹೊಣೆ ಹೊತ್ತಿರುವ ನನಗೆ ಆ ಸಾಲನ್ನು ಓದಿದಾಗ ಸಂಕಟವಾಗುತ್ತದೆ. ಆ ಒಂದು ಮಾತು ಬೆಂಕಿಯನ್ನು ಸಿಡಿಲಿನಂತೆ ಯಾರ ಕೈಯಲ್ಲೂ ಇಲ್ಲದ ಆಕಸ್ಮಿಕವನ್ನಾಗಿ ಮಾಡಿ, ವಿಚಾರಣೆಯನ್ನು ಅಲ್ಲಿಗೇ ಮುಗಿಸಿಬಿಡುತ್ತದೆ. ನಿಜವಾದ ಶಾರ್ಟ್ ಸರ್ಕ್ಯೂಟ್ ಆದಾಗ, ಎಂದರೆ ಎರಡು ವೈರುಗಳು ನೇರವಾಗಿ ಒಂದಕ್ಕೊಂದು ತಾಗಿದಾಗ, ಹರಿಯುವ ಕರೆಂಟು ಎಷ್ಟು ದೊಡ್ಡದೆಂದರೆ, ನಿಯಮದ ಪ್ರಕಾರ ಆರಿಸಿ ಕೂರಿಸಿದ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನಾಗಿ ಕಡಿಯುವ ಸ್ವಿಚ್) ಕಣ್ಣು ಮುಚ್ಚಿ ತೆರೆಯುವುದರೊಳಗೆ ಟ್ರಿಪ್ ಆಗುತ್ತದೆ. ನಾನು ತೆರೆದು ನೋಡಿದ ಸುಟ್ಟ ಬೋರ್ಡ್‌ಗಳಲ್ಲಿ ಹೆಚ್ಚಿನವು ಹಾಗೆ ಒಮ್ಮೆಲೇ ಸುಟ್ಟವಲ್ಲ; ತಿಂಗಳುಗಟ್ಟಲೆ ಒಳಗೊಳಗೇ ಕಾದು ಕರಿಕಾದವು. ಅವುಗಳ ಹಿಂದೆ ಇದ್ದದ್ದು ತಯಾರಕರ ಸೂಚನೆಯನ್ನೋ ವೈರಿಂಗ್ ನಿಯಮವನ್ನೋ ಬದಿಗೊತ್ತಿ ಮಾಡಿದ ಕೆಲಸ.

ಲೆಕ್ಕ ಕಷ್ಟದ್ದಲ್ಲ. ವೈರಿನ ತುದಿಯನ್ನು ಜೋಡಿಸುವ ಒಂದು ಟರ್ಮಿನಲ್‌ನ ಸ್ಕ್ರೂ ಸಡಿಲವಾಗಿ ಅಲ್ಲಿ 0.1 ಓಮ್‌ನಷ್ಟು ರೋಧ ಹುಟ್ಟಿಕೊಂಡಿದೆ ಎಂದಿಟ್ಟುಕೊಳ್ಳೋಣ. ಅದರ ಮೂಲಕ 20 ಆಂಪಿಯರ್ ಹರಿದರೆ ಆ ಒಂದೇ ಬಿಂದುವಿನಲ್ಲಿ 40 ವಾಟ್ ಶಾಖ ಉಂಟಾಗುತ್ತದೆ. ಸೀಸ ಕರಗಿಸುವ ಸಣ್ಣ ಸೋಲ್ಡರಿಂಗ್ ಐರನ್‌ಗೆ 25 ವಾಟ್ ಸಾಕು. ಮುಚ್ಚಳ ಹಾಕಿದ ಡಿಬಿಯೊಳಗೆ (ಎಂಸಿಬಿಗಳನ್ನು ಕೂರಿಸುವ ಪೆಟ್ಟಿಗೆ), 70 ಡಿಗ್ರಿ ಸೆಲ್ಸಿಯಸ್ ಮೀರಬಾರದ ಪಿವಿಸಿ ಹೊದಿಕೆಯ ವೈರಿನ ತುದಿಯಲ್ಲಿ, ಅಂಥದೊಂದು ಐರನ್ ದಿನವೂ ಉರಿಯುತ್ತಿದೆ ಎಂದಾಯಿತು. ಅಲ್ಲಿ ಕಳೆದುಹೋಗುವುದು 2 ವೋಲ್ಟ್ ಮಾತ್ರವಾದ್ದರಿಂದ ದೀಪ ಮಂಕಾಗುವುದಿಲ್ಲ, ಕರೆಂಟು ಹೆಚ್ಚಾಗಿಲ್ಲವಾದ್ದರಿಂದ ಎಂಸಿಬಿ ಟ್ರಿಪ್ ಆಗುವುದೂ ಇಲ್ಲ. ಕೆಲಸ ಮುಗಿದ ದಿನ ಸ್ವಿಚ್ ಒತ್ತಿದಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ನಮ್ಮ ವೃತ್ತಿಯ ಅಪಾಯವೆಲ್ಲ ಇಲ್ಲಿದೆ: ತಪ್ಪಾಗಿ ಮಾಡಿದರೂ ದೀಪ ಹೊತ್ತಿಕೊಳ್ಳುತ್ತದೆ.

ಈ ಕಾರಣಕ್ಕಾಗಿಯೇ ತಯಾರಕರು ಟರ್ಮಿನಲ್ ಸ್ಕ್ರೂವನ್ನು ಎಷ್ಟು ಬಲದಿಂದ ಬಿಗಿಯಬೇಕೆಂಬುದನ್ನು ನ್ಯೂಟನ್ ಮೀಟರ್‌ಗಳಲ್ಲಿ ಎಂಸಿಬಿಯ ಮೈಮೇಲೋ ಜೊತೆಗೆ ಬರುವ ಹಾಳೆಯಲ್ಲೋ ಅಚ್ಚು ಹಾಕಿರುತ್ತಾರೆ, ವೈರಿನ ತುದಿಯ ಹೊದಿಕೆಯನ್ನು ಎಷ್ಟು ಮಿಲಿಮೀಟರ್ ಸುಲಿಯಬೇಕೆಂದೂ ತಿಳಿಸುತ್ತಾರೆ. ‘ನನ್ನ ಕೈಗೆ ಗೊತ್ತು’ ಎನ್ನುವ ಎಲೆಕ್ಟ್ರಿಷಿಯನ್‌ಗಳನ್ನು ನಾನು ಬಹಳ ನೋಡಿದ್ದೇನೆ, ನಾನೂ ಎಷ್ಟೋ ವರ್ಷ ಹಾಗೆಯೇ ನಂಬಿದ್ದೆ. ಬಿಗಿಯುವ ಬಲವನ್ನು ಅಳೆಯುವ ಟಾರ್ಕ್ ಸ್ಕ್ರೂಡ್ರೈವರ್ ಮೊದಲ ಸಲ ಕೈಗೆ ಬಂದಾಗ ಒಂದೇ ಬೋರ್ಡಿನಲ್ಲಿ ನಾನೇ ಬಿಗಿದಿದ್ದ ಸ್ಕ್ರೂಗಳನ್ನು ಪರೀಕ್ಷಿಸಿದೆ. ಕೆಲವು ಇನ್ನೂ ಅರ್ಧ ಸುತ್ತು ತಿರುಗಿದವು, ಕೆಲವು ಎಳೆವೈರಿನ ಎಳೆಗಳನ್ನೇ ಕತ್ತರಿಸುವಷ್ಟು ಬಿಗಿಯಾಗಿದ್ದವು. ಎಳೆಗಳು ಚದುರಬಾರದೆಂದು ತುದಿಗೆ ಸೀಸ ಹಾಕಿ ಸ್ಕ್ರೂ ಕೆಳಗೆ ಸಿಕ್ಕಿಸುವುದು ಅಚ್ಚುಕಟ್ಟಾದ ಕೆಲಸದಂತೆ ಕಾಣುತ್ತದೆ, ಆದರೆ ಒತ್ತಡಕ್ಕೆ ಸೀಸ ನಿಧಾನವಾಗಿ ಹರಿದು ಜೋಡಣೆ ತಾನಾಗಿ ಸಡಿಲಗೊಳ್ಳುತ್ತದೆ. ತುದಿಗೆ ಫೆರೂಲ್ ಎಂಬ ಲೋಹದ ಸಣ್ಣ ಕೊಳವೆ ಹಾಕಿ ಒತ್ತಿ ಕೂರಿಸುವ ಪದ್ಧತಿ ಬಂದದ್ದು ಇದಕ್ಕಾಗಿ.

ಒಂದು ಕಚೇರಿಯಲ್ಲಿ ನಾನೇ ಕಂಡ ಸಂಗತಿಯನ್ನು ಹೇಳಬೇಕು. ಮೂರು ಫೇಸಿನ ಡಿಬಿಯಲ್ಲಿ ನ್ಯೂಟ್ರಲ್ (ಕರೆಂಟು ಮರಳುವ ವೈರು) ಸ್ಕ್ರೂವನ್ನು ಸಾಕಷ್ಟು ಬಿಗಿಯದೆ ಬಿಟ್ಟಿದ್ದರಿಂದ, ಕೆಲವು ತಿಂಗಳ ನಂತರ ಒಂದು ಮಧ್ಯಾಹ್ನ ಆ ಜೋಡಣೆ ಪೂರ್ತಿ ಬಿಟ್ಟುಹೋಯಿತು. ನ್ಯೂಟ್ರಲ್ ಇಲ್ಲವಾದಾಗ ಮೂರು ಫೇಸಿನ ಲೋಡುಗಳು ತಮ್ಮತಮ್ಮಲ್ಲೇ ವೋಲ್ಟೇಜನ್ನು ಹಂಚಿಕೊಳ್ಳುತ್ತವೆ. ಕಡಿಮೆ ಲೋಡಿರುವ ಫೇಸಿನಲ್ಲಿ 230 ವೋಲ್ಟ್ ಇರಬೇಕಾದಲ್ಲಿ ಅದು 400ರ ಹತ್ತಿರಕ್ಕೂ ಏರಬಹುದು. ಅಂದು ಒಂದು ಇಡೀ ಸಾಲಿನ ಕಂಪ್ಯೂಟರುಗಳು ಹಾಳಾದವು, ಒಂದು ಯುಪಿಎಸ್‌ನಿಂದ ಹೊಗೆ ಎದ್ದಿತು. ಹತ್ತಿರದಲ್ಲೇ ಕೂತಿದ್ದ ಹುಡುಗಿಯೊಬ್ಬಳು ಎದ್ದು ಓಡಿ ಮುಖ್ಯ ಸ್ವಿಚ್ ಇಳಿಸಿದ್ದರಿಂದ ಅನಾಹುತ ಅಷ್ಟಕ್ಕೇ ನಿಂತಿತು. ಆ ಡಿಬಿಯ ಬಾಗಿಲಿನ ಒಳಬದಿಯಲ್ಲಿ ಬಿಗಿಯಬೇಕಾದ ಬಲದ ಪಟ್ಟಿ ಅಂಟಿಸಿಯೇ ಇತ್ತು.

ಇನ್ನೊಂದು ರೂಢಿ ಇದಕ್ಕಿಂತಲೂ ವ್ಯಾಪಕ, ನನ್ನ ದೃಷ್ಟಿಯಲ್ಲಿ ಇದಕ್ಕಿಂತಲೂ ದೊಡ್ಡ ಅಪರಾಧ. 16 ಆಂಪಿಯರ್‌ನ ಎಂಸಿಬಿ ಪದೇ ಪದೇ ಟ್ರಿಪ್ ಆಗುತ್ತಿದೆ ಎಂದು ಗ್ರಾಹಕರು ದೂರಿದಾಗ, 1.5 ಚದರ ಮಿಲಿಮೀಟರ್ ವೈರನ್ನು ಹಾಗೆಯೇ ಬಿಟ್ಟು 32 ಆಂಪಿಯರ್‌ನ ಎಂಸಿಬಿ ಹಾಕಿಬಿಡುವುದು. ಎಂಸಿಬಿ ಇರುವುದು ಗೋಡೆಯೊಳಗಿನ ವೈರನ್ನು ಕಾಯುವುದಕ್ಕೆ ಎಂಬುದನ್ನು ಮರೆತವರು ಮಾತ್ರ ಹೀಗೆ ಮಾಡಲು ಸಾಧ್ಯ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಮನೆಬಳಕೆಯ ಎಂಸಿಬಿ ತನ್ನ ಮೇಲೆ ಬರೆದ ಕರೆಂಟಿನ 1.13 ಪಟ್ಟು ಹರಿದರೆ ಒಂದು ಗಂಟೆಯವರೆಗೂ ಟ್ರಿಪ್ ಆಗಬಾರದು, 1.45 ಪಟ್ಟು ಹರಿದರೆ ಒಂದು ಗಂಟೆಯೊಳಗೆ ಆಗಲೇಬೇಕು. ಎಂದರೆ 32 ಆಂಪಿಯರ್‌ನ ಎಂಸಿಬಿ 36 ಆಂಪಿಯರನ್ನು ಸುಮ್ಮನೆ ಹರಿಯಗೊಡುತ್ತದೆ, ಖಚಿತವಾಗಿ ಟ್ರಿಪ್ ಆಗುವುದು 46 ಆಂಪಿಯರ್ ದಾಟಿದ ಮೇಲೆ, ಅದೂ ಒಂದು ಗಂಟೆಯ ಅವಧಿಯಲ್ಲಿ. ಅಷ್ಟರಲ್ಲಿ ಆ ತೆಳು ವೈರಿನ ಹೊದಿಕೆ ಏನಾಗಿರುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಇದರ ಮೇಲೆ, ವೈರಿನ ಸಾಮರ್ಥ್ಯದ ಪಟ್ಟಿಗಳು ಸಾಮಾನ್ಯವಾಗಿ ಸುತ್ತಲಿನ ಗಾಳಿ 30 ಡಿಗ್ರಿ ಇದೆಯೆಂದು ಭಾವಿಸಿ ಮಾಡಿದವು. ಕಟ್ಟಡಗಳ ವೈರಿಂಗ್ ಕುರಿತ ಐಇಸಿ 60364 ಎಂಬ ಅಂತರರಾಷ್ಟ್ರೀಯ ಮಾನದಂಡದ ಕೋಷ್ಟಕಗಳ ಪ್ರಕಾರ 40 ಡಿಗ್ರಿಯಲ್ಲಿ ಪಿವಿಸಿ ವೈರಿನ ಸಾಮರ್ಥ್ಯವನ್ನು 0.87ರಿಂದ ಗುಣಿಸಬೇಕು, ಒಂದೇ ಪೈಪಿನಲ್ಲಿ ಮೂರು ಸರ್ಕ್ಯೂಟ್‌ಗಳ ವೈರು ತುರುಕಿದ್ದರೆ ಮತ್ತೆ 0.7ರಿಂದ ಗುಣಿಸಬೇಕು. ಎರಡನ್ನೂ ಸೇರಿಸಿದರೆ ಉಳಿಯುವುದು ನೂರರಲ್ಲಿ ಹೆಚ್ಚುಕಡಿಮೆ 61 ಭಾಗ. ಈ ಗುಣಾಕಾರ ಯಾರ ಕೈಯ ಅನುಭವಕ್ಕೂ ಸಿಗುವಂಥದ್ದಲ್ಲ, ಪುಸ್ತಕ ತೆರೆದೇ ನೋಡಬೇಕು.

ನಿಯಮಾವಳಿಗಳು ಕಚೇರಿಯಲ್ಲಿ ಕೂತವರು ನಮ್ಮನ್ನು ಕಾಡಲೆಂದು ಬರೆದವೆಂಬ ಮಾತು ನಮ್ಮವರ ನಡುವೆ ಇದೆ. ವಿದ್ಯುದ್ದೀಪ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ, 1882ರಲ್ಲಿ, ಲಂಡನ್ನಿನ ಟೆಲಿಗ್ರಾಫ್ ಎಂಜಿನಿಯರುಗಳ ಸಂಘ ಹೊರತಂದ ಮೊದಲ ನಿಯಮಗಳ ಉದ್ದೇಶವೇ ವಿದ್ಯುದ್ದೀಪಗಳಿಂದಾಗುವ ಬೆಂಕಿಯನ್ನು ತಡೆಯುವುದಾಗಿತ್ತು. ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ 1897ರಲ್ಲಿ ಬಂತು. ಅದರ 110.3(ಬಿ) ಎಂಬ ವಿಧಿ, ಪರೀಕ್ಷೆಗೆ ಒಳಗಾಗಿ ಮಾನ್ಯತೆ ಪಡೆದ ಸಾಧನವನ್ನು ಅದರೊಂದಿಗೆ ಬರುವ ಸೂಚನೆಗಳ ಪ್ರಕಾರವೇ ಅಳವಡಿಸಬೇಕೆಂದು ವಿಧಿಸುತ್ತದೆ. ಹಾಗಾಗಿ ತಯಾರಕರ ಹಾಳೆ ಬೇರೆ, ಕಾನೂನು ಬೇರೆ ಎನ್ನುವ ವಾದ ಅಲ್ಲಿ ನಿಲ್ಲುವುದಿಲ್ಲ. ಇದರ ಹಿಂದಿನ ತರ್ಕ ಎಲ್ಲ ಕಡೆಗೂ ಸಲ್ಲುತ್ತದೆ. ಪ್ರಯೋಗಾಲಯದಲ್ಲಿ ಪರೀಕ್ಷೆಗೊಳಗಾದದ್ದು ಇಂತಿಷ್ಟು ದಪ್ಪದ ವೈರಿನೊಂದಿಗೆ, ಇಂತಿಷ್ಟು ಬಿಗಿತದಲ್ಲಿ, ಸುತ್ತ ಇಂತಿಷ್ಟು ಜಾಗ ಬಿಟ್ಟು ಕೂರಿಸಿದ ಸಾಧನ. ಆ ಷರತ್ತುಗಳನ್ನು ಮುರಿದು ಕೂರಿಸಿದ ಸಾಧನವನ್ನು ಯಾರೂ ಪರೀಕ್ಷಿಸಿಲ್ಲ, ಪೆಟ್ಟಿಗೆಯ ಮೇಲಿನ ಮುದ್ರೆ ಅದಕ್ಕೆ ಅನ್ವಯಿಸುವುದೂ ಇಲ್ಲ.

ಅನುಭವವನ್ನು ನಾನು ಹಗುರವಾಗಿ ಕಾಣುತ್ತಿಲ್ಲ, ಆದರೆ ಅದು ಹಳೆಯ ಸಾಧನಗಳ ಮೇಲೆ ಗಳಿಸಿದ್ದೆಂಬುದನ್ನು ನೆನಪಿಡಬೇಕು. ಈಗ ಚಾವಣಿಗಳ ಮೇಲೆ ಸೌರಫಲಕಗಳು ಬಂದಿವೆ. ಮನೆಗೆ ಬರುವ ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಯನ್ನು ಮುಟ್ಟುವುದರಿಂದ ಸ್ವಿಚ್ ತೆರೆದಾಗ ಏಳುವ ಕಿಡಿ ಬೇಗ ಆರುತ್ತದೆ. ಸೌರಫಲಕ ಕೊಡುವ, ಒಂದೇ ದಿಕ್ಕಿಗೆ ಹರಿಯುವ ಡಿಸಿಯಲ್ಲಿ ಆ ವಿರಾಮವಿಲ್ಲ, ಕಿಡಿ ಎಳೆದಷ್ಟೂ ಉರಿಯುತ್ತದೆ. ಡಿಸಿ ಬ್ರೇಕರುಗಳಲ್ಲಿ ಕೆಲವಕ್ಕೆ ಧನ, ಋಣ ತುದಿಗಳನ್ನು ಇಂಥಲ್ಲಿಗೇ ಜೋಡಿಸಬೇಕೆಂಬ ನಿರ್ಬಂಧವಿದ್ದು, ಅದಲುಬದಲಾದರೆ ಬ್ರೇಕರೇ ಹೊತ್ತಿ ಉರಿಯಬಹುದು. ನಲವತ್ತು ವರ್ಷ ಎಸಿ ಕೆಲಸ ಮಾಡಿದ ಕೈ ಇಲ್ಲಿ ಧೈರ್ಯವಾಗಿ ತಪ್ಪು ಮಾಡುತ್ತದೆ, ಏಕೆಂದರೆ ಅದಕ್ಕೆ ಸಂದೇಹವೇ ಬರುವುದಿಲ್ಲ.

ಅರ್ಥಿಂಗ್ ವಿಷಯದಲ್ಲಿ ನಡೆಯುವುದನ್ನು ಬರೆಯಲು ಕೈ ಏಳುವುದಿಲ್ಲ. ಅರ್ಥಿಂಗ್ ವೈರು ಎಳೆಯುವ ಶ್ರಮ ಉಳಿಸಲು ಪ್ಲಗ್ ಪಾಯಿಂಟಿನೊಳಗೇ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ತುಂಡು ವೈರು ಸಿಕ್ಕಿಸುತ್ತಾರೆ. ಟೆಸ್ಟ್ ಲ್ಯಾಂಪಿಗೆ ಎಲ್ಲ ಸರಿಯಾಗಿ ಕಾಣುತ್ತದೆ. ಎಂದೋ ಒಂದು ದಿನ ನ್ಯೂಟ್ರಲ್ ತುಂಡಾದ ಕ್ಷಣದಲ್ಲಿ ಆ ಪ್ಲಗ್ಗಿಗೆ ಹಾಕಿದ ಯಂತ್ರದ ಲೋಹದ ಮೈಯೆಲ್ಲ ಫೇಸ್ ಆಗುತ್ತದೆ, ಎಂದರೆ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ. ಅದನ್ನು ಮುಟ್ಟುವವರು ಯಾರೆಂದು ವೈರು ಸಿಕ್ಕಿಸಿದವನಿಗೆ ಗೊತ್ತಿರುವುದಿಲ್ಲ. ಹೀಗೆ ಜೋಡಿಸಿದ ಕಡೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಸುಮ್ಮಸುಮ್ಮನೆ ಟ್ರಿಪ್ ಆಗುವುದುಂಟು. ಆಗ ದೋಷವನ್ನು ಹುಡುಕುವ ಬದಲು ಆರ್‌ಸಿಸಿಬಿಯನ್ನೇ ತೆಗೆದುಹಾಕುತ್ತಾರೆ.

ತಪ್ಪೆಲ್ಲ ಎಲೆಕ್ಟ್ರಿಷಿಯನ್ನನದೇ ಎಂದರೆ ಅನ್ಯಾಯವಾದೀತು. ತಯಾರಕರು ಸೂಚನೆಗಳನ್ನು ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ, ಕೆಲಸಗಾರನಿಗೆ ಬಾರದ ಭಾಷೆಯಲ್ಲಿ ಮುದ್ರಿಸುತ್ತಾರೆ. ಮಾಲೀಕರು ಅತಿ ಕಡಿಮೆ ಕೂಲಿ ಕೇಳಿದವನಿಗೆ ಕೆಲಸ ಕೊಟ್ಟು, ಸಂಜೆಯೊಳಗೆ ಮುಗಿಸೆಂದು ತಲೆಯ ಮೇಲೆ ನಿಲ್ಲುತ್ತಾರೆ. ಹಾಗಿದ್ದೂ, ಓದದೆ ಜೋಡಿಸುವ ಹಕ್ಕು ಇದರಿಂದ ನಮಗೆ ಬರುವುದಿಲ್ಲ. ಸೂಚನೆ ಅರ್ಥವಾಗದಿದ್ದರೆ ಕೇಳಬೇಕು. ಸೂಚನೆಗೂ ನಿಯಮಕ್ಕೂ ಹೊಂದದಂತೆ ಕಂಡರೆ ಹೆಚ್ಚು ಕಟ್ಟುನಿಟ್ಟಾದುದನ್ನು ಹಿಡಿದು, ಉಳಿದದ್ದನ್ನು ಎಂಜಿನಿಯರರಲ್ಲಿ ಬಗೆಹರಿಸಿಕೊಳ್ಳಬೇಕು.

ತಮ್ಮ ವರದಿಗಾರರಲ್ಲಿ ನನ್ನದೊಂದು ವಿನಂತಿ. ಮುಂದಿನ ಸಲ ‘ಶಾರ್ಟ್ ಸರ್ಕ್ಯೂಟ್’ ಎಂದು ಬರೆಯುವ ಮೊದಲು ತನಿಖಾಧಿಕಾರಿಗಳನ್ನು ಇಷ್ಟು ಕೇಳಿ: ಆ ಸರ್ಕ್ಯೂಟಿನ ವೈರು ಎಷ್ಟು ದಪ್ಪದ್ದಿತ್ತು, ಅದಕ್ಕೆ ಹಾಕಿದ್ದ ಎಂಸಿಬಿ ಎಷ್ಟು ಆಂಪಿಯರಿನದು, ಆರ್‌ಸಿಸಿಬಿ ಇತ್ತೇ, ಕೊನೆಯ ಸಲ ಪರೀಕ್ಷಿಸಿದ ದಾಖಲೆ ಎಲ್ಲಿದೆ. ವೃತ್ತಿಬಾಂಧವರಲ್ಲಿ ಕೇಳುವುದು ಇದಕ್ಕಿಂತ ಸಣ್ಣದು. ಪೆಟ್ಟಿಗೆಯೊಂದಿಗೆ ಕಸಕ್ಕೆ ಹೋಗುವ ಆ ಹಾಳೆಯನ್ನು ಓದಿ ಮುಗಿಸಿ, ಅದರ ಮೇಲೆ ದಿನಾಂಕ, ಬಿಗಿದ ಬಲ ಮತ್ತು ನಿಮ್ಮ ಸಹಿ ಹಾಕಿ, ಡಿಬಿಯ ಬಾಗಿಲಿನ ಒಳಗೆ ಇಟ್ಟುಬನ್ನಿ. ಐದು ವರ್ಷದ ನಂತರ ಅದೇ ಬಾಗಿಲು ತೆರೆಯುವ ಇನ್ನೊಬ್ಬ ಎಲೆಕ್ಟ್ರಿಷಿಯನ್‌ಗೆ ಅದು ಬೇಕಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಎಲೆಕ್ಟ್ರಿಕಲ್ ಮೇಲ್ವಿಚಾರಕ