ತಪ್ಪು ಉತ್ತರ ಬಂದದ್ದು ಹೇಗೆಂದು ಮಗುವನ್ನೇ ಕೇಳಬೇಕು

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಲೆಲ್ಲ ನಮ್ಮ ಜಿಲ್ಲೆಗೆ ಎಷ್ಟನೆಯ ಸ್ಥಾನ ಎಂಬ ಚರ್ಚೆ ನಾಲ್ಕು ದಿನ ನಡೆಯುತ್ತದೆ. ಗಣಿತದಲ್ಲಿ ಅನುತ್ತೀರ್ಣರಾದ ಮಕ್ಕಳು ಏನನ್ನು ತಪ್ಪಾಗಿ ತಿಳಿದಿದ್ದರು, ಯಾವ ತರಗತಿಯಿಂದ ಹಾಗೆ ತಿಳಿಯುತ್ತ ಬಂದಿದ್ದರು ಎಂಬುದು ಮಾತ್ರ ಆ ಚರ್ಚೆಯಲ್ಲಿ ಬರುವುದೇ ಇಲ್ಲ. ಮೂಡಿಗೆರೆ ತಾಲ್ಲೂಕಿನಲ್ಲಿ ಮೂರು ದಶಕ ಗಣಿತ ಕಲಿಸಿ ನಿವೃತ್ತನಾಗಿರುವ ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ವಿಷಯ ಇದು.

ಎಂಟನೆಯ ತರಗತಿಯ ಹುಡುಗನೊಬ್ಬ 0.8ಕ್ಕೆ 0.15 ಕೂಡಿಸಿ 0.23 ಎಂದು ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಬಿಂದುವಿನ ಕೆಳಗೆ ಬಿಂದು ಬರುವಂತೆ ಬರೆಯಬೇಕೆಂದು ಅದಾಗಲೇ ಹತ್ತಾರು ಸಲ ಹೇಳಿದ್ದನ್ನು ಮತ್ತೊಮ್ಮೆ ಹೇಳಿದೆ. ಮರುವಾರವೂ ಅದೇ ತಪ್ಪು. ಆಗ ಪಕ್ಕದಲ್ಲಿ ಕೂರಿಸಿಕೊಂಡು, ಇದನ್ನು ಹೇಗೆ ಮಾಡಿದೆ ಹೇಳಪ್ಪ ಎಂದೆ. "ಎಂಟೂ ಹದಿನೈದೂ ಇಪ್ಪತ್ಮೂರಲ್ವಾ ಸಾರ್" ಎಂದ. ಕೂಡುವುದು ಅವನಿಗೆ ಚೆನ್ನಾಗಿಯೇ ಬರುತ್ತಿತ್ತು. ಬಿಂದುವಿನ ಬಲಕ್ಕಿರುವುದು ಇನ್ನೊಂದು ಪೂರ್ಣಸಂಖ್ಯೆ ಎಂದು ಅವನು ನಂಬಿದ್ದ. ಆ ನಂಬಿಕೆಯಂತೆಯೇ 0.8ಕ್ಕಿಂತ 0.15 ದೊಡ್ಡದು ಎಂದೂ ಹೇಳಿದ.

ಅವನ ತಂದೆ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರು, ಆಗಿದ್ದರು. ನಮ್ಮ ಕಡೆಯ ತೋಟಗಳಲ್ಲಿ ಮಳೆಯ ಲೆಕ್ಕ ಇಂದಿಗೂ ಇಂಚು, ಸೆಂಟುಗಳಲ್ಲೇ ನಡೆಯುತ್ತದೆ. ನೂರು ಸೆಂಟಿಗೆ ಒಂದು ಇಂಚು. ಬೆಳಿಗ್ಗೆ ಮಳೆಮಾಪಕ ನೋಡಿ ಪುಸ್ತಕದಲ್ಲಿ ಬರೆದಿಡುವ ಕೆಲಸ ಈ ಹುಡುಗನದಾಗಿತ್ತು. ಮೊನ್ನೆ ಎಂಬತ್ತು ಸೆಂಟು, ನಿನ್ನೆ ಹದಿನೈದು ಸೆಂಟು ಬಿದ್ದರೆ ಒಟ್ಟು ಎಷ್ಟು ಎಂದು ಕೇಳಿದೆ. ತೊಂಬತ್ತೈದು, ಇಂಚಿಗೆ ಇನ್ನೂ ಐದು ಕಮ್ಮಿ ಎಂದು ತಟ್ಟನೆ ಹೇಳಿದ. ಎಂಬತ್ತು ಸೆಂಟನ್ನು ಇಂಚಿನಲ್ಲಿ ಬರೆ ಎಂದೆ. 0.80 ಎಂದು ಬರೆದು, ಅದನ್ನೇ ತುಸು ಹೊತ್ತು ನೋಡಿ, ಕೊನೆಯ ಸೊನ್ನೆಯನ್ನು ಬೆರಳಿನಿಂದ ಮುಚ್ಚಿದ, ತೆಗೆದ. ಆಮೇಲೆ ಹಳೆಯ ಲೆಕ್ಕಕ್ಕೆ ಹಿಂತಿರುಗಿ 0.8ರ ಬಲಕ್ಕೆ ತಾನೇ ಒಂದು ಸೊನ್ನೆ ಸೇರಿಸಿಕೊಂಡ. ನಾನು ಏನನ್ನೂ ಹೇಳಬೇಕಾಗಲಿಲ್ಲ.

ತೋಟದ, ಹೊಲದ ಉದಾಹರಣೆ ಕೊಟ್ಟರೆ ಸಾಕು, ಗಣಿತ ತಾನಾಗಿ ಬರುತ್ತದೆ ಎಂಬುದು ನನ್ನ ಮಾತಿನ ಅರ್ಥವಲ್ಲ. ಪಹಣಿಯಲ್ಲಿ ವಿಸ್ತೀರ್ಣ 2.10 ಎಂದಿದ್ದರೆ ಅದು ಎರಡು ಎಕರೆ ಹತ್ತು ಗುಂಟೆ. 40 ಗುಂಟೆಗೆ ಒಂದು ಎಕರೆಯಾದ್ದರಿಂದ ದಶಮಾಂಶದಲ್ಲಿ ಅದು 2.25 ಎಕರೆ. ಮಗುವಿನ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯದೆ ಪಹಣಿಯನ್ನು ಮುಂದಿಟ್ಟು ದಶಮಾಂಶ ಕಲಿಸಲು ಹೊರಟರೆ ಇರುವ ಗೊಂದಲ ಇಮ್ಮಡಿಯಾಗುತ್ತದೆ. ತಿಳಿದು ಹೊರಟರೆ, ಮಳೆಯ ಬಿಂದುವಿಗೂ ಜಮೀನಿನ ಬಿಂದುವಿಗೂ ಏನು ವ್ಯತ್ಯಾಸ ಎಂಬ ಒಂದೇ ಪ್ರಶ್ನೆಗೆ ಇಡೀ ತರಗತಿ ಎದ್ದು ಕೂರುತ್ತದೆ. ಹಿಂದಿನ ಬೆಂಚಿನವರೂ ಮಾತಾಡುತ್ತಾರೆ.

ಭಾಷೆಯ ತೊಡಕೂ ಇದೆ. ಲಸಾಅ (ಲಘುತ್ತಮ ಸಾಮಾನ್ಯ ಅಪವರ್ತ್ಯ), ಮಸಾಅ (ಮಹತ್ತಮ ಸಾಮಾನ್ಯ ಅಪವರ್ತನ) ಎಂದು ಗಿಳಿಪಾಠ ಒಪ್ಪಿಸುವ ಮಕ್ಕಳಲ್ಲಿ ಅನೇಕರಿಗೆ ಆ ಅಕ್ಷರಗಳು ಯಾವ ಪದಗಳವು ಎಂಬುದೇ ಗೊತ್ತಿರುವುದಿಲ್ಲ. ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳ ಪಾಡು ಇನ್ನೂ ಕಷ್ಟದ್ದು.

ಶಿಕ್ಷಕರಿಗೆ ಇದು ತಿಳಿಯದ ವಿಷಯವೇನಲ್ಲ; ಕೂತು ಕೇಳಲು ಅವರಿಗೆ ಪುರಸೊತ್ತಿಲ್ಲ. ಪಾಠಗಳನ್ನು ಬೇಗ ಮುಗಿಸಿ ಪುನರಾವರ್ತನೆಗೆ ಇಳಿಯಬೇಕು, ಹಿಂದುಳಿದವರಿಗೆ 'ಪಾಸಿಂಗ್ ಪ್ಯಾಕೇಜ್' ಎಂದು ಥೇಲ್ಸನ ಪ್ರಮೇಯವನ್ನೂ ನಕ್ಷೆಯ ಲೆಕ್ಕವನ್ನೂ ಬಾಯಿಪಾಠ ಮಾಡಿಸಬೇಕು. ಆ ಅಂಕಗಳ ಬಲದಿಂದ ಮಗು ತೇರ್ಗಡೆಯಾಗುವುದು ನಿಜವಾದರೂ, ಬಿಂದುವಿನ ಬಗೆಗಿನ ತಪ್ಪು ತಿಳಿವಳಿಕೆಯನ್ನು ಹಾಗೆಯೇ ಹೊತ್ತುಕೊಂಡು ಅದು ಶಾಲೆ ಬಿಡುತ್ತದೆ. ಮಗುವಿನ ಆಲೋಚನೆಯನ್ನು ಗಣಿತೀಯಗೊಳಿಸುವುದೇ, ಅಂದರೆ ಮಗು ಗಣಿತದ ರೀತಿಯಲ್ಲಿ ಯೋಚಿಸುವಂತೆ ಮಾಡುವುದೇ, ಗಣಿತ ಶಿಕ್ಷಣದ ಮುಖ್ಯ ಗುರಿ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತ್ತು. 'ಗಣಿತ ಕಲಿಕಾ ಆಂದೋಲನ'ದ ಮೂಲಕ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಒಳ್ಳೆಯ ಕಲಿಕಾ ಸಾಮಗ್ರಿಯೂ ಬಂತು. ನಾನು ಕಂಡ ಶಾಲೆಯೊಂದರಲ್ಲಿ ಆ ಪೆಟ್ಟಿಗೆ ಬೀರುವಿನ ಮೇಲೆ ದೂಳು ಹಿಡಿದು ಕೂತಿತ್ತು. ಮಕ್ಕಳು ಕಳೆದುಹಾಕಿದರೆ ಲೆಕ್ಕ ಕೊಡುವವರು ಯಾರು ಎಂಬ ಭಯವೇ ಅದಕ್ಕೆ ಕಾರಣವಾಗಿತ್ತು.

ಶಿಕ್ಷಣ ಇಲಾಖೆಯವರಲ್ಲಿ ನನ್ನ ವಿನಂತಿ ಇಷ್ಟು. ಶಿಕ್ಷಕರ ಸಮಾಲೋಚನಾ ಸಭೆಗಳಿಗೆ ಶೇಕಡಾವಾರು ಫಲಿತಾಂಶದ ಪಟ್ಟಿಯ ಜೊತೆಗೆ ಪ್ರತಿಯೊಬ್ಬ ಗಣಿತ ಶಿಕ್ಷಕರೂ ತಪ್ಪು ಉತ್ತರಗಳಿರುವ ನಾಲ್ಕೈದು ನೋಟ್‌ಪುಸ್ತಕಗಳನ್ನು, ಮಕ್ಕಳ ಹೆಸರು ಮುಚ್ಚಿ, ತರಲಿ. ಪ್ರತಿ ತಪ್ಪಿನ ಹಿಂದೆ ಮಗು ಏನನ್ನು ಯೋಚಿಸಿರಬಹುದು ಎಂದು ಎಲ್ಲರೂ ಕೂತು ಒಂದು ಗಂಟೆ ಚರ್ಚಿಸಲಿ. ಶಾಲೆಗಳಲ್ಲಿ ವಾರಕ್ಕೊಂದು ಅವಧಿಯನ್ನು ಹೊಸ ಪಾಠಕ್ಕೆ ಬಳಸದೆ, ಮಕ್ಕಳು ತಾವು ಲೆಕ್ಕ ಮಾಡಿದ ಬಗೆಯನ್ನು ಬಾಯಿಬಿಟ್ಟು ಹೇಳುವುದಕ್ಕೆ ಮೀಸಲಿಡಲಿ. ಆ ಅವಧಿಗೆ ಅಂಕಗಳು ಬೇಡ. ದಶಮಾಂಶಗಳ ಪಾಠದಿಂದಲೇ ಇದನ್ನು ಶುರು ಮಾಡಬಹುದು.

ಇಂತಿ,
ನಿವೃತ್ತ ಗಣಿತ ಶಿಕ್ಷಕ,
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ